ಎಂಟು ಸಾಲು, ಒಂದೂ ಹೊಂದಲಿಲ್ಲ

ನಿನ್ನೆ ಸಂಜೆ ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಅಣ್ಣನ ಮಗಳು ಸಿಕ್ಕಳು. ಕೋಚಿಂಗ್ ಕ್ಲಾಸ್ ಮುಗಿಸಿ ಬಂದಿದ್ದಳು. ಮುಖ ಸಪ್ಪಗಿತ್ತು. ಮೂಡಿಗೆರೆ ಬಸ್ಸು ವಸ್ತಾರೆ ದಾಟಿದರೂ ಮಾತಿಲ್ಲ. ಆಲ್ದೂರು ಹತ್ತಿರ ಬಂದಾಗ ಬ್ಯಾಗಿನಿಂದ ಒಂದು ಹಾಳೆ ತೆಗೆದು, "ಚಿಕ್ಕಪ್ಪಾ, ಇದರಲ್ಲಿ ನನ್ನ ತಪ್ಪು ಎಲ್ಲಿದೆ ಹೇಳಿ" ಅಂದಳು.

ಆ ಹಾಳೆ ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ.

ಪ್ರಶ್ನೆ ಇಷ್ಟೇ. ರವಿ ಪ್ರವಾಸಕ್ಕೆ ಹೋದರೆ ಸುಮಾ ಹೋಗುತ್ತಾಳೆ. ಸುಮಾ ಹೋದರೆ ಗಿರೀಶ ಹೋಗುವುದಿಲ್ಲ. ರವಿ, ಗಿರೀಶ ಇವರಲ್ಲಿ ಒಬ್ಬರಾದರೂ ಹೋಗುತ್ತಾರೆ. ಸುಮಾ, ಗಿರೀಶ ಹೋದರೆ ಇಬ್ಬರೂ ಹೋಗುತ್ತಾರೆ, ಉಳಿದರೆ ಇಬ್ಬರೂ ಉಳಿಯುತ್ತಾರೆ. ಹಾಗಾದರೆ ಹೋಗುವವರು ಯಾರು?

ಹುಡುಗಿ ಅಚ್ಚುಕಟ್ಟಾಗಿ ಕೋಷ್ಟಕ ಹಾಕಿದ್ದಳು. ಮೂರು ಜನ, ಒಬ್ಬೊಬ್ಬರಿಗೂ ಹೌದು ಅಥವಾ ಇಲ್ಲ. ಒಟ್ಟು 8 ಸಾಲು. ಪ್ರತಿ ಸಾಲಿನ ಮುಂದೆ ಯಾವ ಮಾತು ಮುರಿಯುತ್ತದೆ ಅಂತ ಬರೆದಿದ್ದಳು. ಮೂವರೂ ಹೋದರೆ ಎರಡನೆಯ ಮಾತು ಮುರಿಯುತ್ತದೆ. ಯಾರೂ ಹೋಗದಿದ್ದರೆ ಮೂರನೆಯದು. ಹೀಗೆ ಎಂಟಕ್ಕೆ ಎಂಟೂ ಹೊಡೆದುಹೋಗಿದ್ದವು. ಕೆಳಗೆ ದೊಡ್ಡದಾಗಿ ಬರೆದಿದ್ದಳು: ನಾಲ್ಕೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ.

ಸರಿಯಾದ ಉತ್ತರ ಅದೇ. ನಾನು ಬಸ್ಸಿನಲ್ಲೇ ಎರಡು ಸಲ ನೋಡಿದೆ.

ಕೀ ಉತ್ತರದಲ್ಲಿ ಮಾತ್ರ 'ಬಿ: ರವಿ ಮತ್ತು ಸುಮಾ' ಅಂತಿತ್ತಂತೆ. ಇವಳು ಎದ್ದು ನಿಂತು, ಹಾಗಾದರೆ ನಾಲ್ಕನೆಯ ಮಾತು ಸುಳ್ಳಾಗುತ್ತದೆ ಸರ್ ಅಂದಳಂತೆ. ಪಾಠ ಮಾಡುವವರು, "ಕೀ ಹೇಳಿದ್ದು ಬರ್ಕೊಂಡು ಮುಂದಕ್ಕೆ ಹೋಗಮ್ಮ" ಅಂದರಂತೆ. ಕ್ಲಾಸ್ ನಕ್ಕಿತಂತೆ.

ಪ್ರಶ್ನೆ ತಪ್ಪಾಗಿ ಅಚ್ಚಾಗಿರಬಹುದು, ಅದಕ್ಕೆ ನನಗೆ ಸಿಟ್ಟಿಲ್ಲ. 'ಇವು ಒಂದಕ್ಕೊಂದು ಹೊಂದುವುದಿಲ್ಲ' ಅನ್ನುವುದೂ ಒಂದು ಉತ್ತರ ಅಂತ ಒಪ್ಪಲಿಲ್ಲವಲ್ಲ, ಅದಕ್ಕೆ ಸಿಟ್ಟು. ಅದನ್ನು ಕಂಡುಹಿಡಿದವಳನ್ನೇ ಕೂರಿಸಿದರಲ್ಲ, ಅದಕ್ಕೆ ಸಿಟ್ಟು.

ನಾಲ್ಕು ಮಾತುಗಳನ್ನು ಇನ್ನೊಮ್ಮೆ ಓದಿ. ಯಾವುದೂ ಬಿಡಿಯಾಗಿ ತಪ್ಪಲ್ಲ. ಯಾವುದಾದರೂ ಒಂದನ್ನು ತೆಗೆದುಹಾಕಿ, ಉಳಿದ ಮೂರು ಹೊಂದಿಕೊಳ್ಳುತ್ತವೆ. ಎರಡನೆಯದನ್ನು ತೆಗೆದರೆ ಮೂವರೂ ಹೋಗಬಹುದು. ಮೂರನೆಯದನ್ನು ತೆಗೆದರೆ ಮೂವರೂ ಮನೆಯಲ್ಲಿರಬಹುದು. ನಾಲ್ಕೂ ಸೇರಿದಾಗ ಮಾತ್ರ ಗಂಟು ಬೀಳುತ್ತದೆ. ಹಾಗಾಗಿ ಒಂದೊಂದನ್ನೇ ಓದಿ ತಲೆಯಾಡಿಸುವವರಿಗೆ ಇದು ಎಂದೂ ಕಾಣುವುದಿಲ್ಲ. ನಾಲ್ಕನೆಯದನ್ನು ಕೈಬಿಟ್ಟರೂ 'ಬಿ' ಒಂದೇ ಉತ್ತರ ಅಲ್ಲ. ಗಿರೀಶ ಒಬ್ಬನೇ ಹೋದರೂ ಉಳಿದ ಮೂರೂ ನಿಲ್ಲುತ್ತವೆ.

ಇನ್ನೂ ಒಂದಿದೆ. ಒಂದಕ್ಕೊಂದು ವಿರುದ್ಧವಾದ ಮಾತುಗಳನ್ನೆಲ್ಲ ನಿಜ ಅಂತ ಇಟ್ಟುಕೊಂಡರೆ ತರ್ಕದ ನಿಯಮದಂತೆ ಅದರಿಂದ ಏನನ್ನು ಬೇಕಾದರೂ ಸಾಧಿಸಬಹುದು. 'ಎ' ಸಾಧಿಸಬಹುದು, 'ಡಿ' ಸಾಧಿಸಬಹುದು. ಎಲ್ಲವನ್ನೂ ಸಾಧಿಸುವ ಮಾತಿನಿಂದ ಒಂದು ಉತ್ತರ ಆರಿಸುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ವೇಗ ಮುಖ್ಯ, ಕೋಷ್ಟಕ ಹಾಕುತ್ತಾ ಕೂತರೆ ಆಗುವುದಿಲ್ಲ ಅಂತ ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು. ಒಪ್ಪುತ್ತೇನೆ. ಮೂವರಿಗೆ 8 ಸಾಲು, ಹತ್ತು ಜನರಾದರೆ 1,024 ಸಾಲು, ಇಪ್ಪತ್ತಾದರೆ 10 ಲಕ್ಷ ದಾಟುತ್ತದೆ. ಅದಕ್ಕೇ ಚಿಕ್ಕ ದಾರಿ ಕಲಿಸಬೇಕು. ಇಲ್ಲಿ ಸುಮಾಳನ್ನು ಹಿಡಿದರೆ ಸಾಕು. ಅವಳು ಹೋದರೆ ಗಿರೀಶ ಹೋಗಲೂಬೇಕು, ಹೋಗಲೂಬಾರದು. ಆಗುವುದಿಲ್ಲ. ಅವಳು ಹೋಗದಿದ್ದರೆ ರವಿಯೂ ಇಲ್ಲ, ಗಿರೀಶನೂ ಇಲ್ಲ, ಮೂರನೆಯ ಮಾತು ಬಿತ್ತು. ಅರ್ಧ ನಿಮಿಷದ ಕೆಲಸ. ವೇಗವೂ ಬಂತು, ನಿಜವೂ ಉಳಿಯಿತು. ಕೀ ನೋಡಿ ಬರೆಯುವುದರಲ್ಲಿ ಎರಡೂ ಇಲ್ಲ.

ಅವಳಿಗೆ ಇದನ್ನು ಕಲಿಸಿದ್ದು ನಾನೇ. ಹನ್ನೊಂದನೇ ತರಗತಿಯ ಗಣಿತದಲ್ಲಿ ತರ್ಕದ ಒಂದು ಪಾಠ ಇತ್ತು. 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಅದನ್ನು ಕೈಬಿಟ್ಟಿತು. ನನಗೆ ಅದು ಇವತ್ತಿಗೂ ನೋವು. ಹಾಗಾಗಿ ತೋಟದಲ್ಲೇ ಪಾಠ ಶುರು ಮಾಡಿದೆ. ಹೂಮಳೆ ಚೆನ್ನಾಗಿ ಬಿದ್ದರೆ ವಾರ, ಹತ್ತು ದಿನದಲ್ಲಿ ಕಾಫಿ ಹೂ ಅರಳುತ್ತದೆ. ಹೂ ಅರಳಿದೆ, ಹಾಗಾದರೆ ಮಳೆ ಬಿದ್ದಿತ್ತಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. "ಹೇಳಕ್ಕಾಗಲ್ಲ ಚಿಕ್ಕಪ್ಪಾ, ಸ್ಪ್ರಿಂಕ್ಲರ್ ಹಾಕಿರಬಹುದು" ಅಂದಳು. ಆ ದಿನ ನನಗಾದ ಖುಷಿ ನನಗೇ ಗೊತ್ತು. ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನು 1 ಮತ್ತು 0 ಇಟ್ಟು ಲೆಕ್ಕದ ಹಾಗೆ ಮಾಡಿ ತೋರಿಸಿದ. ನಮ್ಮ ಕೈಯಲ್ಲಿರುವ ಮೊಬೈಲಿನ ಒಳಗೂ ಅದೇ ಲೆಕ್ಕ ನಡೆಯುತ್ತಿದೆ ಅಂದಾಗ ಅವಳ ಕಣ್ಣು ಅಗಲವಾಗಿತ್ತು.

ಇದು ಸುಮ್ನೆ ಒಂದು ಒಗಟು, ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂತ ಕೇಳುವವರಿಗೆ ಒಂದು ವಿಷಯ ಹೇಳಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆ ಪಾಲಾದಾಗ ಒಂದು ಹಾಳೆಯಲ್ಲಿ ಜಮೀನು 4 ಎಕರೆ ಅಂತಿತ್ತು. ಇನ್ನೊಂದರಲ್ಲಿ ಮೂರು ಸಮಪಾಲು ಅಂತಿತ್ತು. ಮೂರನೆಯದರಲ್ಲಿ ಒಂದು ಪಾಲು 1 ಎಕರೆ 20 ಗುಂಟೆ. 160 ಗುಂಟೆಯನ್ನು ಮೂರು ಮಾಡಿದರೆ ಒಬ್ಬರಿಗೆ 53 ಗುಂಟೆ ಚಿಲ್ಲರೆ ಬರುತ್ತದೆ, 60 ಬರುವುದಿಲ್ಲ. ನನಗೆ ಅಲ್ಲೇ ಗೊತ್ತಾಗಿತ್ತು. ದೊಡ್ಡವರೆಲ್ಲ ಕೂತಿದ್ದರು, ಬರೆದವರು ಅವಸರದಲ್ಲಿದ್ದರು. "ಮೂರೂ ಹಾಳೆ ಒಟ್ಟಿಗೆ ಹೊಂದುತ್ತವಾ" ಅಂತ ಒಂದು ಮಾತು ಕೇಳಲು ಬಾಯಿ ಬರಲಿಲ್ಲ. ಸಹಿ ಹಾಕಿದೆ. ಆಮೇಲೆ ಏನಾಯಿತು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು.

ನಾನು ಕೇಳಲಾರದ್ದನ್ನು ಆ ಹುಡುಗಿ ಅಷ್ಟು ಜನರ ಮುಂದೆ ಎದ್ದು ನಿಂತು ಕೇಳಿದ್ದಾಳೆ. ಅವಳನ್ನು ನೋಡಿ ನಕ್ಕರು ಅನ್ನುವುದನ್ನು ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.

ಹಾಳೆ ಈಗ ನನ್ನ ಮೇಜಿನ ಮೇಲಿದೆ. ಅವಳ ಕೈಬರಹದಲ್ಲೇ ಜೆರಾಕ್ಸ್ ಮಾಡಿಸಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಅವಳ ಜೊತೆ ನಾನೂ ಹೋಗುತ್ತಿದ್ದೇನೆ. ಜಗಳಕ್ಕಲ್ಲ. ಎಂಟು ಸಾಲನ್ನೂ ಒಂದೊಂದಾಗಿ ಓದಿ ನೋಡಿ ಸರ್ ಅಂತ ಕೇಳುವುದಕ್ಕೆ.