ಮೈಕ್ ಮುಂದೆ ನೀರು, ಒಳಗೆ ಜಾತಿ ಲೆಕ್ಕ

ಅಭ್ಯರ್ಥಿಗಳು ಜಾತಿ ಬಿಟ್ಟು ನೀರು, ರಸ್ತೆ ಅಂತ ಮಾತಾಡುತ್ತಿರುವುದು ಒಳ್ಳೆ ಬದಲಾವಣೆ ಎಂದು ಚುನಾವಣಾ ಪ್ರಚಾರದ ಬಗೆಗಿನ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಮ್ಮ ಕೋಲಾರಕ್ಕೆ ಒಮ್ಮೆ ಬಂದು ನೋಡಿ ಸ್ವಾಮಿ. ಇದು ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರ. ಮೈಕ್ ಹಿಡಿದವರು ಯಾರೂ ತಮ್ಮ ಜಾತಿ ಎತ್ತುವುದಿಲ್ಲ, ಎತ್ತುವ ಅಗತ್ಯವೂ ಇಲ್ಲ. ಪರಿಶಿಷ್ಟ ಜಾತಿಯೊಳಗಿನ ಎರಡು ದೊಡ್ಡ ಗುಂಪುಗಳಲ್ಲಿ ಎಡಗೈನಾ ಬಲಗೈನಾ ಅನ್ನೋ ಲೆಕ್ಕ ಟಿಕೆಟ್ ಹಂಚುವಾಗಲೇ ಮುಗಿದಿರುತ್ತದೆ. ಉಳಿದಿದ್ದು ಬೂತ್ ಹುಡುಗರ ಕೈಯಲ್ಲಿ. ಮತದಾರರ ಪಟ್ಟಿಯಲ್ಲಿ ಒಂದೊಂದು ಮನೆಯ ಪಕ್ಕ ಜಾತಿ ಗುರುತಿಗೆ ಪೆನ್ನಿನಲ್ಲಿ ಬರೆದ ಅಕ್ಷರ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ.

ಇನ್ನೊಂದು. ಜಾತಿ, ಧರ್ಮದ ಹೆಸರಲ್ಲಿ ಮತ ಕೇಳುವುದು ಜನಪ್ರತಿನಿಧಿ ಕಾಯ್ದೆಯ 123(3)ರ ಪ್ರಕಾರ ಅಕ್ರಮ. ಗೆದ್ದ ಮೇಲೂ ಆಯ್ಕೆ ರದ್ದಾಗಬಹುದು. ಮತದಾರರ ಜಾತಿ ಹೆಸರು ಹೇಳಿ ಕೇಳಿದರೂ ಅಷ್ಟೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಮೌನದಲ್ಲಿ ಆ ಭಯದ ಪಾಲೂ ಇದೆ, ಅಲ್ವಾ?

ಸರಿ, ವಿಷಯಕ್ಕೇ ಬರೋಣ. ಸುಮ್ನೆ 'ನೀರು' ಅಂದರೆ ಆಯಿತಾ? 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಆಗಲಿ ಅಂತ ಇಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಅದಕ್ಕೆ ದುಡ್ಡು ಎಲ್ಲಿಂದ, ಯಾವಾಗ ಎಂದು ಪ್ರಚಾರಕ್ಕೆ ಬಂದವರನ್ನು ಕೇಳಿ ನೋಡಿ. ಮಾತು ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಗೆ ಹಾರುತ್ತದೆ. ಅದಕ್ಕೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಗಿದ್ದು 2014ರಲ್ಲಿ!

ಒಂದು ಮಾತು ಮಾತ್ರ ಒಪ್ಪುತ್ತೇನೆ. ಸಣ್ಣ ಸಮುದಾಯದಿಂದ ಬಂದು ಸಾಮಾನ್ಯ ಕ್ಷೇತ್ರದಲ್ಲಿ ನಿಂತವರಿಗೆ ವಿಷಯ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಅಂಥವರನ್ನು ಮಾತಾಡಿಸಿ ಬರೆದಿದ್ದರೆ ಲೇಖನಕ್ಕೆ ಜಾಸ್ತಿ ತೂಕ ಬರುತ್ತಿತ್ತು.