ಇಸವಿ ಕೇಳಬೇಡಿ, ಮನೆ ಕೇಳಿ

ಹಿರಿಯರ ಹಳೆಯ ನೆನಪುಗಳನ್ನು ದಾಖಲಿಸುವ ಸಂದರ್ಶನಕ್ಕೆ ಐವತ್ತು ಪ್ರಶ್ನೆ ಬರೆದುಕೊಂಡು ಹೋಗಿ ಎನ್ನುವವರಿದ್ದಾರೆ. ಹತ್ತು ಸಾಕು. ಪಟ್ಟಿ ಉದ್ದವಾದಷ್ಟೂ ಕೇಳುವವರ ಕಣ್ಣು ಕಾಗದದ ಮೇಲೇ ಇರುತ್ತದೆ, ಹೇಳುವವರು ಹೌದು-ಇಲ್ಲಕ್ಕೆ ಇಳಿಯುತ್ತಾರೆ.

'ಅದು ಯಾವ ವರ್ಷ?' ಎಂದು ನೇರವಾಗಿ ಕೇಳಿದರೆ ಸಿಗುವುದು ಬಹುಮಟ್ಟಿಗೆ ಅಂದಾಜು. ಹಳೆಯ ಘಟನೆಗಳು ನೆನಪಿನಲ್ಲಿ ಈಚೆಗೆ ಸರಿದುಬಿಡುತ್ತವೆ. ಬದಲಿಗೆ ಆಗ ಯಾವ ಮನೆಯಲ್ಲಿದ್ದಿರಿ, ಮದುವೆಯಾಗಿತ್ತೇ, ಮಕ್ಕಳು ಶಾಲೆಗೆ ಹೋಗುತ್ತಿದ್ದರೇ ಎಂದು ಕೇಳಿ. ಇಸವಿಯನ್ನು ಆಮೇಲೆ ಹಳೆಯ ಪತ್ರಿಕೆ ನೋಡಿ ಕೂಡಿಸಿಕೊಳ್ಳಬಹುದು. ಅವರು ಇಸವಿ ತಪ್ಪು ಹೇಳಿದರೂ ಅಲ್ಲೇ ತಿದ್ದಬೇಡಿ, ಮಾತು ಅಲ್ಲಿಗೇ ಬಿಗಿಯುತ್ತದೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಲು 'ಸುದ್ದಿ ತಲುಪಿದಾಗ ಎಲ್ಲಿದ್ದಿರಿ, ಯಾರು ಹೇಳಿದರು?' ಎಂದರೆ ಬೇಕಾದಷ್ಟಾಯಿತು. ಮೌನ ಬಂದರೆ ಐದಾರು ಸೆಕೆಂಡು ತಡೆದುಕೊಳ್ಳಿ; ನಮ್ಮಲ್ಲಿ ಹೆಚ್ಚಿನವರಿಗೆ ಬಾರದ ವಿದ್ಯೆ ಇದೇ.

ಧ್ವನಿಮುದ್ರಣಕ್ಕೆ: ಫ್ಯಾನು ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಅವರಿಗೆ ಒಂದೆರಡು ಅಡಿ ಹತ್ತಿರ ಇಡಿ. ಬರಿ ಮೇಜಿನ ಮೇಲಾದರೆ ಬಳೆ, ಲೋಟದ ಸದ್ದೆಲ್ಲ ಮಾತನ್ನು ನುಂಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದ ಮೊನೊ (ಒಂದೇ ಚಾನೆಲ್‌ನ) ವೇವ್ ಫೈಲಿಗೆ, ಅಂದರೆ ಧ್ವನಿಯನ್ನು ಕುಗ್ಗಿಸದೆ ಉಳಿಸುವ ಫೈಲಿಗೆ, ಗಂಟೆಗೆ ಸುಮಾರು 500 ಎಂಬಿ ಜಾಗ ಬೇಕು. ಒಪ್ಪಿಗೆಯನ್ನು ಮುದ್ರಣದ ಮೊದಲಲ್ಲೇ ಅವರ ದನಿಯಲ್ಲಿ ಪಡೆಯಿರಿ. ಒಮ್ಮೆಗೆ 90 ನಿಮಿಷ ದಾಟಬೇಡಿ, ಉಳಿದದ್ದಕ್ಕೆ ಇನ್ನೊಂದು ದಿನ ಹೋಗಿ.