ನಿರಂಕುಶಮತಿ: 5 ಅಂಶಗಳು, ತಲಾ 1 ಅಂಕ

ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಒಂದು ಕಾಗದ ತೂಗಾಡುತ್ತಿತ್ತು: 'ವಿಮರ್ಶಾತ್ಮಕ ಓದು ಮತ್ತು ಬರವಣಿಗೆ ಕುರಿತು ಒಂದು ದಿನದ ಕಾರ್ಯಾಗಾರ. ಹಾಜರಾತಿ ಕಡ್ಡಾಯ. ಪ್ರಶ್ನೆ ಕೇಳಬಯಸುವವರು ತಮ್ಮ ಪ್ರಶ್ನೆಯನ್ನು ಹಿಂದಿನ ದಿನ ಮಧ್ಯಾಹ್ನ 3ರೊಳಗೆ ಲಿಖಿತವಾಗಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು.' ಕೆಳಗೆ ಯಾವನೋ ಪುಣ್ಯಾತ್ಮ ಪೆನ್ಸಿಲ್ಲಿನಲ್ಲಿ 'ಯಾಕೆ?' ಎಂದು ಬರೆದಿದ್ದ. ಅವನನ್ನು ಪತ್ತೆ ಹಚ್ಚಲು ಮೂವರ ಸಮಿತಿ ರಚನೆಯಾಯಿತು. ಅದರಲ್ಲಿ ನಾನೂ ಇದ್ದೆ. ಕಾರ್ಯಾಗಾರ ಶುರುವಾಗುವ ಮೊದಲೇ ಪಾಸಾದ ಒಬ್ಬನೇ ವಿದ್ಯಾರ್ಥಿ ಅವನು. ನಾವು ಮಾತ್ರ 'ಯಾ' ಅಕ್ಷರದ ಬಾಲ ಯಾರ ಕೈಬರಹಕ್ಕೆ ಹೊಂದುತ್ತದೆ ಎಂದು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೆವು.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ಅತಿಥಿ ಉಪನ್ಯಾಸಕ. ಅತಿಥಿ ಎಂದಾಕ್ಷಣ ಎಲೆ ಹಾಕಿ ಕೂರಿಸಿ ಒಬ್ಬಟ್ಟು ಬಡಿಸುತ್ತಾರೆಂದು ತಿಳಿಯಬೇಡಿ. ಸಂಬಳವೇ ಅತಿಥಿಯ ಹಾಗೆ ಅಪರೂಪಕ್ಕೆ ಬರುತ್ತದೆ. ಬೆಳಿಗ್ಗೆ ಮೈಸೂರಿನಲ್ಲಿ ರೈಲು ಹತ್ತಿ, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಒಂದು ಕೈ ಮುಗಿದು, ಪಾಂಡವಪುರ ಬರುವ ಹೊತ್ತಿಗೆ ಹಳೇ ನೋಟ್ಸ್ ತೆಗೆಯುವುದು ನನ್ನ ದಿನಚರಿ.

ಕಾರ್ಯಾಗಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೂ ಇಂಥ ಹತ್ತಾರಕ್ಕೆ ಹೋಗಿ ಬಂದವರೇ. ಪ್ರಾರ್ಥನೆ, ದೀಪ, ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು 'ಏನನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಬೇಡಿ' ಎಂದು ಮುಕ್ಕಾಲು ಗಂಟೆ ಅಪ್ಪಣೆ ಮಾಡಿದರು. ಮುನ್ನೂರು ಮಕ್ಕಳು ಪ್ರಶ್ನಿಸದೆ ಒಪ್ಪಿಕೊಂಡರು. ನನ್ನನ್ನು ತಡೆದು ನಿಲ್ಲಿಸಿದ್ದು ಅಭಿಪ್ರಾಯ ಸಂಗ್ರಹದ ಫಾರಂ. ಮಧ್ಯಾಹ್ನ ನೆಟ್‌ವರ್ಕ್ ಸಿಗುವುದಿಲ್ಲವೆಂದು ಅದನ್ನು ಬೆಳಿಗ್ಗೆ ಒಂಬತ್ತೂವರೆಗೇ ತುಂಬಿಸಿಕೊಂಡಿದ್ದರು. ಅತಿಥಿಗಳು ಮದ್ದೂರು ದಾಟುವ ಮುಂಚೆಯೇ ಅವರ ಉಪನ್ಯಾಸ 'ಅತ್ಯುತ್ತಮ'ವಾಗಿತ್ತು. ಇನ್ನೂ ಬರೆಯದ ಕೃತಿಗೆ ವಿಮರ್ಶೆ ಬರೆಯುವ ಈ ವಿದ್ಯೆ ಕಾವ್ಯಮೀಮಾಂಸೆಯಲ್ಲಿ ಎಲ್ಲೂ ಸಿಗದು. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಕಡತದಲ್ಲಿ ಸಿಗುತ್ತದೆ.

ಪ್ರಶ್ನೆಪತ್ರಿಕೆಯ ವಿಷಯಕ್ಕೆ ಬರೋಣ. 1956ರಲ್ಲಿ ಬೆಂಜಮಿನ್ ಬ್ಲೂಮ್ ಎಂಬ ಅಮೆರಿಕದ ವಿದ್ವಾಂಸರೂ ಅವರ ಸಂಗಡಿಗರೂ ಕಲಿಕೆಗೆ ಆರು ಮೆಟ್ಟಿಲು ಕಟ್ಟಿದರು. 2001ರಲ್ಲಿ ಅದಕ್ಕೆ ರಿಪೇರಿಯೂ ಆಯಿತು. ನೆನಪಿಡುವುದು ಕೆಳಗಿನ ಮೆಟ್ಟಿಲು; ಅರ್ಥ ಮಾಡಿಕೊಳ್ಳುವುದು, ಅನ್ವಯಿಸುವುದು, ವಿಶ್ಲೇಷಿಸುವುದು, ಬೆಲೆ ಕಟ್ಟುವುದು ಅಂತ ಹತ್ತುತ್ತ ಹೋದರೆ ತುದಿಯಲ್ಲಿ ಸೃಷ್ಟಿ. ಈಗ ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಅದು ಎಷ್ಟನೇ ಮೆಟ್ಟಿಲಿನದು ಎಂದು ನಮೂದಿಸಬೇಕು. ನಮ್ಮವರು ಬುದ್ಧಿವಂತರು. ಮೊದಲು 'ಈ ಕವಿತೆಯ ಆಶಯವನ್ನು ವಿವರಿಸಿ' ಎಂದಿದ್ದದ್ದು 'ವಿಶ್ಲೇಷಿಸಿ' ಆಯಿತು, ಆಮೇಲೆ 'ವಿಮರ್ಶಾತ್ಮಕವಾಗಿ ಮೌಲ್ಯಮಾಪನ ಮಾಡಿ' ಆಯಿತು. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ಮೂರಕ್ಕೂ ಒಂದೇ ಉತ್ತರ, ಒಂದೇ ಅಚ್ಚಿನ ದೋಷ. ಹುಡುಗರು ಕಾಲೆತ್ತಿ ಒಂದು ಮೆಟ್ಟಿಲನ್ನೂ ಹತ್ತಲಿಲ್ಲ. ಗೈಡಿನವನು ಲಿಫ್ಟ್ ಹಾಕಿಸಿಕೊಟ್ಟ.

ಸಂಶೋಧನಾ ಪ್ರಬಂಧವಾದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಮೀರಿದರೆ ಹಂತ ಹಂತವಾಗಿ ಶಿಕ್ಷೆ. ಪದವಿ ಪರೀಕ್ಷೆಯಲ್ಲಿ ಇದೇ ನಿಯಮವನ್ನು ಮಗುಚಿ ಹಾಕಿದ್ದೇವೆ. ಇಲ್ಲಿ ಗೈಡನ್ನು ಹೋಲದವನಿಗೇ ದಂಡ.

ಅದು ಗೊತ್ತಾಗುವುದು ಮೌಲ್ಯಮಾಪನಕ್ಕೆ ಕೂತಾಗ. ಒಂದು ಸಲ ನನ್ನ ಕಟ್ಟಿನಲ್ಲಿ ಒಬ್ಬಳು ಬರೆದಿದ್ದಳು: 'ಈ ಕವಿತೆ ನನಗೆ ಹಿಡಿಸಲಿಲ್ಲ. ತಾಯಿಯನ್ನು ಹೊಗಳುವ ಭರದಲ್ಲಿ ಕವಿ ಅವಳ ಕೈಗೆ ಒಂದು ಲೋಟ ನೀರೂ ಕೊಡುವುದಿಲ್ಲ.' ನಾನು ಎದ್ದು ನಿಂತು ಪಕ್ಕದವರಿಗೆ ಓದಿ ಹೇಳಿದೆ. ಅವರು ಕೆಂಪು ಪೆನ್ನು ಕೆಳಗಿಡದೆ, 'ಕೀ ಆನ್ಸರ್‌ಗೆ ಹಿಡಿಸಿದೆಯಲ್ಲ ಬಿಡಿ, ಪೀಠಿಕೆಗೆ ಎರಡು ಹಾಕಿ' ಎಂದರು. ಪೀಠಿಕೆಗೆ 2, ವಿಷಯಕ್ಕೆ 6, ಉಪಸಂಹಾರಕ್ಕೆ 2: ನಮ್ಮ ಸ್ಕೀಮಿನಲ್ಲಿ ಲೋಟ ನೀರಿಗೆ ಜಾಗವಿಲ್ಲ.

ಇನ್ನೊಂದು ಪ್ರಶ್ನೆ ಕುವೆಂಪು ಅವರ ಬಗ್ಗೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1956ರಿಂದ 1960ರವರೆಗೆ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಆ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು. ತರುಣರಿಗೆ ನಿರಂಕುಶಮತಿಗಳಾಗಿ ಎಂದು ಕರೆ ಕೊಟ್ಟವರು. ಅಂಕುಶವಿಲ್ಲದ ಮತಿ, ಯಾರ ತಿವಿತಕ್ಕೂ ಬಗ್ಗದ್ದು. ಟಿಪ್ಪಣಿ ಬರೆಯಿರಿ, 5 ಅಂಕ. ಸ್ಕೀಮ್ ತೆರೆದು ನೋಡಿದೆ: 'ನಿರಂಕುಶಮತಿ: 5 ಅಂಶಗಳು, ತಲಾ 1 ಅಂಕ. ಬೇರೆ ಅಂಶ ಬರೆದಿದ್ದರೆ ಪರಿಗಣಿಸಬೇಕಿಲ್ಲ.'

ಇಷ್ಟೆಲ್ಲ ಬೇರೆಯವರನ್ನು ಆಡಿಕೊಂಡ ಮೇಲೆ ನನ್ನ ಸಾಧನೆಯನ್ನೂ ಹೇಳಬೇಕಲ್ಲ. ಆಂತರಿಕ ಅಂಕಕ್ಕೆಂದು ಒಂದು ಅಸೈನ್‌ಮೆಂಟ್ ಕೊಟ್ಟೆ: ನಿಮಗೆ ಬೇಕಾದ ಯಾವುದಾದರೂ ಒಂದು ಪಠ್ಯವನ್ನು ಓದಿ ವಿಮರ್ಶೆ ಬರೆಯಿರಿ. ಚಾಟ್‌ಜಿಪಿಟಿಯಿಂದ ಇಳಿಸಿಕೊಳ್ಳಬಾರದೆಂದು 'ಕೈಬರಹದಲ್ಲೇ ಇರತಕ್ಕದ್ದು' ಎಂದೂ ಕಟ್ಟಪ್ಪಣೆ ಮಾಡಿದೆ. ಮಕ್ಕಳು ವಿಧೇಯರು, ಇಳಿಸಿಕೊಂಡು ಕೈಯಲ್ಲೇ ಬರೆದರು. ರಾಶಿಗೆ ರಾಶಿ 'ಇಂದಿನ ಆಧುನಿಕ ಯುಗದಲ್ಲಿ' ಎಂದು ಶುರುವಾಗಿ 'ಮಾನವೀಯ ಮೌಲ್ಯಗಳನ್ನು ಎತ್ತಿ ಹಿಡಿಯುತ್ತದೆ' ಎಂದು ಮುಗಿಯುತ್ತಿತ್ತು. ಒಬ್ಬ ಕೊನೆಯಲ್ಲಿ ಮುದ್ದಾದ ಅಕ್ಷರದಲ್ಲಿ, ಅಡಿಗೆರೆ ಎಳೆದು, 'ಇದನ್ನು ಇನ್ನಷ್ಟು ಸರಳಗೊಳಿಸಿಕೊಡಲೇ?' ಎಂದೂ ಬರೆದಿದ್ದ. ಅದಕ್ಕೆ ಒಂದು ಅಂಕ ಹೆಚ್ಚು ಕೊಟ್ಟೆ. ಇಡೀ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ಅದೊಂದೇ ಹಾಳೆ.

ಅಲ್ಲ, ಇನ್ನೊಂದಿತ್ತು. ಹಿಂದಿನ ಬೆಂಚಿನವನದು, ಮನೆಯಲ್ಲಿ ಕಬ್ಬು ಬೆಳೆಯುವವರು. ಅವನು ಆರಿಸಿಕೊಂಡ ಪಠ್ಯ ಒಂದು ಸಕ್ಕರೆ ಕಾರ್ಖಾನೆಯ ಬಿಲ್ಲು, ಜೊತೆಗೆ ಗೇಟಿಗೆ ಅಂಟಿಸಿದ್ದ ಸೂಚನೆ. 'ಇದ್ರಲ್ಲಿ ಎಲ್ಲಾ ಕಡೆ ಲಾಗಿದೆ ಲಾಗಿದೆ ಅಂತ ಐತೆ' ಎಂದು ಶುರು ಮಾಡಿದ್ದ. 'ತೂಕ ಮಾಡಲಾಗಿದೆ. ಇಳುವರಿ ನಿಗದಿಪಡಿಸಲಾಗಿದೆ. ಕಟಾವು-ಸಾಗಾಣಿಕೆ ವೆಚ್ಚ ಕಡಿತಗೊಳಿಸಲಾಗಿದೆ. ಮಾಡಿದೋನು ಯಾರು ಅಂತ ಒಂದು ವಾಕ್ಯದಲ್ಲೂ ಇಲ್ಲ. ದುಡ್ಡು ಕೊಡೋ ಜಾಗದಲ್ಲಿ ಮಾತ್ರ ಕಾರ್ಖಾನೆ ಕೊಡುತ್ತದೆ ಅಂತ ಕರ್ತೃ ಬತ್ತಾನೆ.' ಆಮೇಲೆ ಲೆಕ್ಕಕ್ಕೆ ಇಳಿದಿದ್ದ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ್ದು ಶೇ 10.25 ಇಳುವರಿಗೆ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣಕ್ಕೆ, ಕ್ವಿಂಟಲ್ ಕಬ್ಬಿಗೆ 355 ರೂಪಾಯಿ. ಇಳುವರಿ ಶೇ 0.1 ಏರಿದರೆ 3.46 ರೂಪಾಯಿ ಸೇರುತ್ತದೆ, ಇಳಿದರೆ ಶೇ 9.5ರವರೆಗೆ ಅಷ್ಟೇ ಕಳಚಿಕೊಳ್ಳುತ್ತದೆ. 'ಹಂಗಾರೆ ದಶಮಾಂಶದ ಆಚೆ ಇರೋ ಒಂದು ಅಂಕಿ ನಮ್ ಮನೆ ರೇಷನ್ನು. ಆ ಅಂಕಿ ಬರ್ಯೋ ಪೆನ್ನು ಕೊಳ್ಳೋನ ಜೇಬಲ್ಲೇ ಐತೆ. ನಮ್ ತಾತಂಗೆ ಓದಕ್ಕೆ ಬರಲ್ಲ, ಬಿಲ್ಲನ್ನ ಬೆಳಕಿಗೆ ಹಿಡಿದು, ಇದ್ರಲ್ಲಿ ಏನೋ ಬುಟ್ಟವ್ರೆ ಕಣ್ಲಾ ಅಂತಾನೆ.'

ಕಾವೇರಿಯಿಂದ ಗೋದಾವರಿವರೆಗಿನ ನಾಡವರು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್', ಅಂದರೆ ಓದು ಕಲಿಯದೆಯೂ ಕಾವ್ಯ ಬಲ್ಲವರು, ಎಂದು ಒಂಬತ್ತನೇ ಶತಮಾನದ ಕವಿರಾಜಮಾರ್ಗ ಹೇಳಿದ್ದನ್ನು ಪ್ರತಿ ವರ್ಷ ಸಂದರ್ಭಸಹಿತ ಬರೆಸುತ್ತೇನೆ. ಸಂದರ್ಭ ಎದುರಿಗೇ ಬಂದು ಕೂತದ್ದು ಇದೇ ಮೊದಲು.

ಹತ್ತಕ್ಕೆ ಹತ್ತು ಹಾಕಿದೆ. ಅದೇ ತಪ್ಪಾಯಿತು, ಪೂರ್ತಿ ಅಂಕ ಕೊಟ್ಟರೆ ಕಡತ ಸಮಿತಿಗೆ ಹೋಗುತ್ತದೆ. ಸಮಿತಿ ಕೂತು ಚರ್ಚಿಸಿತು. ಬಿಲ್ಲು ಪಠ್ಯವೇ? ಅದರ ಕವಿ ಯಾರು, ಕಾಲ ಯಾವುದು? ಬದುಕಿರುವವರ ಬಗ್ಗೆ ವಿಮರ್ಶೆ ಬರೆದರೆ ನಾಳೆ ತಕರಾರು ಬಂದರೆ? ಒಬ್ಬರು, 'ಹುಡುಗ ಚೆನ್ನಾಗೇ ಬರೆದಿದ್ದಾನೆ, ಆದರೆ ಉಪಸಂಹಾರ ಇಲ್ಲ' ಎಂದರು. ನಾನು ಮೇಜಿನ ಮೇಲಿನ ಬಿಸ್ಕತ್ತು ನೋಡುತ್ತಿದ್ದೆ. ಮುಂದಿನ ಸೆಮಿಸ್ಟರಿಗೂ ಅತಿಥಿಯಾಗಬೇಕಲ್ಲ. ಅಸೈನ್‌ಮೆಂಟನ್ನು 'ಹಿಂದಿರುಗಿಸಲಾಗಿದೆ' ಎಂದು ಷರಾ ಬರೆದೆ. ಯಾರು ಹಿಂದಿರುಗಿಸಿದರು ಎಂದು ನಾನೂ ಬರೆಯಲಿಲ್ಲ.

ಹುಡುಗ ತಕರಾರು ತೆಗೆಯಲಿಲ್ಲ. ಎರಡೇ ದಿನದಲ್ಲಿ ನಿಗದಿತ ಕವಿತೆಯ ಮೇಲೆ ಗೈಡಿನ ಉತ್ತರವನ್ನು ಚಾಚೂ ತಪ್ಪದೆ, ಅಚ್ಚಿನ ದೋಷ ಸಮೇತ ಬರೆದು ತಂದುಕೊಟ್ಟ. ಹತ್ತಕ್ಕೆ ಒಂಬತ್ತು ಹಾಕಿದೆ. ಹಾಳೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಅಂಕವನ್ನೇ ಒಂದು ಗಳಿಗೆ ನೋಡಿ ಕೇಳಿದ:

'ಆ ಒಂದು ಅಂಕ ಕಟಾವು-ಸಾಗಾಣಿಕೆಗೆ ಹಿಡ್ಕಂಡ್ರಾ ಸಾ?'